ತಾಯಿಯೊಡನೆ ಮಗುವಿಗೂ ಹಾಸಿಗೆ



ಹೆರಿಗೆಯ ಮಾತೆತ್ತಿದರೆ ನಾವು ಸಾಮಾನ್ಯವಾಗಿ ಹೇಳುವುದು ರಕ್ತಹೀನತೆ, ಧನುರ್ವಾಯು ಚುಚ್ಚುಮದ್ದು, ತಾಯಿ ಕಾರ್ಡು, ಆಸ್ಪತ್ರೆಯಲ್ಲಿಯೇ ಹೆರಿಗೆ, ಅನಂತರ ಮಗುವಿಗೆ ಲಸಿಕೆ. ಇವೆಲ್ಲ ಅವಶ್ಯವಾದ ಮಾತುಗಳೇ. ನಿಮ್ಮ ಊರಿನ ಆಶಾ ಕಾರ್ಯಕರ್ತೆ ಇವನ್ನು ನಿಮಗೆ ಹಲವು ಬಾರಿ ಹೇಳಿರಬಹುದು. ಆದರೆ ಇಂದು ನಾನು ಹೇಳಹೊರಟಿರುವ ವಿಷಯ ಸಭೆಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಮನೆಯವರು ಅದನ್ನು ನೆರೆಹೊರೆಯವರಿಗೂ ತಿಳಿಸದೆ ಮುಚ್ಚಿಡುತ್ತಾರೆ. ಹೆರಿಗೆಯಾದ ಮೇಲೆ ತಾಯಿಯ ಮನಸ್ಸು ಅಸ್ವಸ್ಥವಾದರೆ ಏನು ಮಾಡಬೇಕು, ಅವಳನ್ನು ಎಲ್ಲಿಗೆ ಕರೆದೊಯ್ಯಬೇಕು, ಅಲ್ಲಿ ಅವಳ ಮಗುವಿನ ಗತಿ ಏನು ಎಂಬುದೇ ಆ ವಿಷಯ.

ಕನಕಪುರದ ಕಡೆಯ ಒಂದು ಹಳ್ಳಿಯನ್ನು ಊಹಿಸಿಕೊಳ್ಳಿ. ಚೊಚ್ಚಲ ಹೆರಿಗೆಗೆಂದು ಮಗಳು ತವರಿಗೆ ಬಂದಿದ್ದಾಳೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸುಖಪ್ರಸವವಾಗಿದೆ. ಮನೆಗೆ ಬಂದ ಮೇಲೆ ಒಂದು ರಾತ್ರಿ ಅವಳಿಗೆ ನಿದ್ರೆ ಬರುವುದಿಲ್ಲ. ಮರುದಿನವೂ ಬರುವುದಿಲ್ಲ. ಮೂರನೆಯ ದಿನ ಒಂದೇ ಸಮನೆ ಮಾತನಾಡತೊಡಗುತ್ತಾಳೆ; ಮಾತಿಗೆ ಮಾತು ಹೊಂದುವುದಿಲ್ಲ. ಮಗು ತನ್ನದಲ್ಲ, ಆಸ್ಪತ್ರೆಯಲ್ಲಿ ಯಾರೋ ಬದಲಾಯಿಸಿದ್ದಾರೆ ಎನ್ನುತ್ತಾಳೆ. ಹಾಲೂಡಿಸಲು ಒಪ್ಪುವುದಿಲ್ಲ. ಮನೆಯ ಹಿರಿಯರು ಗಾಳಿ ಸೋಕಿದೆ ಎಂದು ನಿರ್ಧರಿಸಿ ಬೇವಿನ ಸೊಪ್ಪು ತರಿಸುತ್ತಾರೆ. ಗಂಡನ ಮನೆಗೆ ಫೋನಿನಲ್ಲಿ ‘ಸ್ವಲ್ಪ ಜ್ವರ, ವಾಸಿಯಾಗುತ್ತದೆ’ ಎಂದಷ್ಟೇ ತಿಳಿಸುತ್ತಾರೆ. ನಿಜ ತಿಳಿದರೆ ಮಗಳನ್ನು ಮರಳಿ ಕರೆಸಿಕೊಳ್ಳುವರೋ ಇಲ್ಲವೋ ಎಂಬ ಭಯ ಅವರಿಗೆ. ಹೀಗೆ ವಾರ ಕಳೆಯುತ್ತದೆ.

ಇದನ್ನೇ ನಮ್ಮ ಹಿರಿಯರು ‘ಬಾಣಂತಿ ಸನ್ನಿ’ ಎಂದು ಕರೆದರು. ಹೆಸರು ಹಳೆಯದು, ಅಂದರೆ ಕಾಯಿಲೆಯೂ ಹೊಸದಲ್ಲ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರು ತಾಯಂದಿರಿಗೆ ಇದು ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಪ್ರಸವದ ತರುವಾಯ ದೇಹದಲ್ಲಿ ಆಗುವ ತೀವ್ರ ಬದಲಾವಣೆಗಳು, ನಿದ್ರೆಗೇಡು, ಕೆಲವು ಕುಟುಂಬಗಳಲ್ಲಿ ರಕ್ತಸಂಬಂಧದಿಂದ ಬಂದ ಒಲವು ಇವೆಲ್ಲ ಸೇರಿ ಇದನ್ನು ಉಂಟುಮಾಡುತ್ತವೆ. ತಾಯಿಯ ನಡತೆಯ ದೋಷದಿಂದಾಗಲಿ, ತವರಿನವರ ಬಾಣಂತನದ ಕೊರತೆಯಿಂದಾಗಲಿ, ಮಗುವಿನ ಕಾಲ್ಗುಣದಿಂದಾಗಲಿ ಇದು ಬರುವುದಿಲ್ಲ. ಚಿಕಿತ್ಸೆ ದೊರೆತರೆ ಬಹುಪಾಲು ತಾಯಂದಿರು ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಪೂರ್ಣ ಗುಣಮುಖರಾಗುತ್ತಾರೆ.

ಹೆರಿಗೆಯ ಮೂರು ನಾಲ್ಕನೆಯ ದಿನ ಕಾರಣವಿಲ್ಲದೆ ಅಳು ಬರುವುದು ಬೇರೆ. ಅದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಕಂಡುಬಂದು ಎರಡು ವಾರದೊಳಗೆ ತಾನಾಗಿಯೇ ಹೋಗುತ್ತದೆ. ಹಾಗೆ ಹೋಗದೆ ಉಳಿಯುವ ಖಿನ್ನತೆ ಮತ್ತೊಂದು ಬಗೆಯದು. ಭಾರತದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಪರಿಶೀಲನೆಯೊಂದರ ಪ್ರಕಾರ ನೂರು ತಾಯಂದಿರಲ್ಲಿ ಸುಮಾರು 22 ಮಂದಿ ಇದರಿಂದ ಬಳಲುತ್ತಾರೆ. ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಬಡತನವನ್ನೂ, ಗಂಡನ ಹೊಡೆತವನ್ನೂ, ಗಂಡುಮಗು ಬೇಕೆಂದಿದ್ದಾಗ ಹೆಣ್ಣು ಹುಟ್ಟಿತೆಂಬ ಅಸಮಾಧಾನವನ್ನೂ ಈ ಖಿನ್ನತೆಗೆ ಜೋಡಿಸಿ ತೋರಿಸಿತು. ಈ ಕೊನೆಯ ಎರಡು ಕಾರಣಗಳಿಗೆ ಔಷಧಿ ಯಾವ ವೈದ್ಯರ ಬಳಿಯೂ ಇಲ್ಲ; ಅದು ಇಲ್ಲಿ ಕುಳಿತಿರುವ ಗಂಡಸರ ಕೈಯಲ್ಲಿಯೇ ಇದೆ.

ಈಗ ಆಸ್ಪತ್ರೆಯ ವಿಷಯಕ್ಕೆ ಬರೋಣ. ಕನಕಪುರ ರಸ್ತೆಯ ಬಸ್ಸಿನಲ್ಲಿ ಬೆಂಗಳೂರಿಗೆ ಬಂದವರು ಬನಶಂಕರಿಯಲ್ಲಿ ಇಳಿದು, ಜಯನಗರವನ್ನು ದಾಟಿ ಪೂರ್ವಕ್ಕೆ ಹೋದರೆ ಹೊಸೂರು ರಸ್ತೆ ಸಿಗುತ್ತದೆ. ಅಲ್ಲಿ ಒಂದರ ಮಗ್ಗುಲಲ್ಲಿ ಒಂದರಂತೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಿವೆ. ಅರ್ಬುದ ರೋಗಕ್ಕೆ ಕಿದ್ವಾಯಿ ಸಂಸ್ಥೆ, ಮಕ್ಕಳಿಗೆ ಇಂದಿರಾ ಗಾಂಧಿ ಸಂಸ್ಥೆ, ಮನಸ್ಸು ಮತ್ತು ನರಗಳ ಕಾಯಿಲೆಗಳಿಗೆ ನಿಮ್ಹಾನ್ಸ್. ಈ ನಿಮ್ಹಾನ್ಸ್ ಎಂಬ ಹೆಸರು ಕೇಳಿದೊಡನೆ ‘ಅಯ್ಯೋ, ಹುಚ್ಚಾಸ್ಪತ್ರೆಯೇ!’ ಎಂದು ಹಿಂಜರಿಯುವವರಿದ್ದಾರೆ. ಆದುದರಿಂದ ಆ ಸ್ಥಳದ ಚರಿತ್ರೆಯನ್ನು ಸ್ವಲ್ಪ ಹೇಳುವುದು ಒಳ್ಳೆಯದು.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ನಿಜವಾಗಿಯೂ ಒಂದು ಹುಚ್ಚರ ಶಾಲೆಯೇ. ರೋಗಿಯನ್ನು ಊರಿನಿಂದ ದೂರವಿರಿಸಿ ಕಾಯುವುದು ಅಂದಿನ ರೀತಿ. 1925ರಲ್ಲಿ ಅದಕ್ಕೆ ಮಾನಸಿಕ ರೋಗಗಳ ಆಸ್ಪತ್ರೆ ಎಂಬ ಹೆಸರು ಬಂದಿತು. ಹೆಸರು ಬದಲಾದದ್ದು ಸಣ್ಣ ಸಂಗತಿಯಲ್ಲ. ಅಲ್ಲಿರುವವನು ಹುಚ್ಚನಲ್ಲ, ರೋಗಿ ಎಂದು ಮೈಸೂರು ಸಂಸ್ಥಾನ ಒಪ್ಪಿಕೊಂಡಂತಾಯಿತು. 1930ರ ದಶಕದಲ್ಲಿ ಡಾ. ಫ್ರ್ಯಾಂಕ್ ನೊರೊನ್ಹಾ ಅವರ ಮುಂದಾಳತ್ವದಲ್ಲಿ ಆಸ್ಪತ್ರೆ ಪೇಟೆಯ ಇಕ್ಕಟ್ಟಿನಿಂದ ಹೊಸೂರು ರಸ್ತೆಯ ವಿಶಾಲವಾದ ಬಯಲಿಗೆ ಬಂದಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರ ಡಿಸೆಂಬರಿನಲ್ಲಿ ಎರಡೂ ಕೂಡಿ ಈಗಿನ ರಾಷ್ಟ್ರೀಯ ಸಂಸ್ಥೆಯಾಯಿತು. ಇಂದು ಆ ಆವರಣಕ್ಕೆ ಹೋದವರಿಗೆ ಮೊದಲು ಕಾಣುವುದು ಮರಗಳು. ಅವುಗಳ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತ ಹಳ್ಳಿಯ ಸಂಸಾರಗಳು.

ಮರಗಳ ಮಾತನ್ನು ಸುಮ್ಮನೆ ಹೇಳಲಿಲ್ಲ. ಅಮೆರಿಕದ ಪೆನ್ಸಿಲ್ವೇನಿಯದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ರೋಜರ್ ಉಲ್ರಿಚ್ ಎಂಬ ವಿದ್ವಾಂಸರು ಹೋಲಿಸಿ ನೋಡಿದರು. ಅರ್ಧದಷ್ಟು ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು. ಉಳಿದವರಿಗೆ ಎದುರಿಗಿದ್ದದ್ದು ಇಟ್ಟಿಗೆಯ ಗೋಡೆ. ಮರ ಕಂಡವರು ಮುಕ್ಕಾಲು ದಿನದಷ್ಟು ಮುಂಚೆಯೇ ಮನೆಗೆ ಹೋದರು. ನೋವಿನ ಪ್ರಬಲ ಔಷಧಿಗಳೂ ಅವರಿಗೆ ಕಡಿಮೆ ಸಾಕಾದವು. ಇದು 1984ರಲ್ಲಿ ಪ್ರಕಟವಾಯಿತು. ಒಂದು ಕಿಟಕಿಯೇ ಇಷ್ಟು ಮಾಡುವುದಾದರೆ, ತನ್ನವರು ಹತ್ತಿರವಿರುವುದು ಎಷ್ಟು ಮಾಡೀತು!

ಆ ಬಗ್ಗೆ ನಮ್ಮ ದೇಶವೇ ಇತರರಿಗೆ ಪಾಠ ಹೇಳುವ ಸ್ಥಿತಿಯಲ್ಲಿದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ ರೋಗಿಯ ಮನೆಯವರನ್ನು ಅಲ್ಲಿಯೇ ಉಳಿಸಿಕೊಂಡರು. ಮನೆಯವರು ರೋಗಿಯನ್ನು ನೋಡಿಕೊಳ್ಳುವುದನ್ನು ಅಲ್ಲಿ ಕಲಿತರು. ಗುಣವಾದ ರೋಗಿಯನ್ನು ಆಸ್ಪತ್ರೆಯಲ್ಲಿಯೇ ಬಿಟ್ಟುಹೋಗುವುದು ಕಡಿಮೆಯಾಯಿತು. ಬಳಿಕ ವೆಲ್ಲೂರಿನಲ್ಲಿಯೂ ನಮ್ಮ ನಿಮ್ಹಾನ್ಸ್‌ನಲ್ಲಿಯೂ ಕುಟುಂಬದವರೊಡನೆ ಇರುವ ವಾರ್ಡುಗಳು ಬಂದವು. ವಿದೇಶಗಳಲ್ಲಿ ಮನೆಯವರನ್ನು ಭೇಟಿಯ ವೇಳೆಯಲ್ಲಿ ಮಾತ್ರ ಬಿಡುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಅಜ್ಜಿ ಚಾಪೆ ಸುತ್ತಿಕೊಂಡು ವಾರ್ಡಿಗೇ ಬಂದಿದ್ದಳು.

ಆದರೂ ಬಾಣಂತಿಯ ವಿಷಯದಲ್ಲಿ ಒಂದು ಕಷ್ಟ ಉಳಿದಿತ್ತು. ತಾಯಿಯನ್ನು ವಾರ್ಡಿಗೆ ಸೇರಿಸಿಕೊಂಡರೆ ಹಸುಗೂಸನ್ನು ಏನು ಮಾಡುವುದು? ದೊಡ್ಡವರ ಮಾನಸಿಕ ವಾರ್ಡು ಕೂಸಿಗೆ ತಕ್ಕ ಸ್ಥಳವಲ್ಲ. ಊರಿಗೆ ಕಳುಹಿಸಿದರೆ ಎದೆಹಾಲು ತಪ್ಪುತ್ತದೆ. ಬಾಟಲಿ ಹಾಲು, ಭೇದಿ, ನಿಶ್ಶಕ್ತಿ ಒಂದರ ಹಿಂದೆ ಒಂದು ಬರುತ್ತವೆ. ಇತ್ತ ತಾಯಿಯ ಎದೆ ಬಿಗಿದು ನೋಯುತ್ತದೆ, ಅನಂತರ ಬತ್ತುತ್ತದೆ. ಮಗು ಸತ್ತಿದೆ, ನನ್ನಿಂದ ಮುಚ್ಚಿಡುತ್ತಿದ್ದಾರೆ ಎಂಬ ಭ್ರಮೆ ಇದ್ದವಳಿಗೆ ಮಗುವನ್ನು ಕಾಣದಿರುವುದೇ ಆ ಭ್ರಮೆಗೆ ಸಾಕ್ಷಿಯಾಗುತ್ತದೆ. ಎರಡು ತಿಂಗಳ ಮೇಲೆ ಗುಣವಾಗಿ ಹೋದರೆ ಮಗು ಅವಳನ್ನು ಗುರುತಿಸುವುದಿಲ್ಲ. ಎತ್ತಿಕೊಳ್ಳಲು ಅವಳಿಗೂ ಕೈ ನಡುಗುತ್ತದೆ.

ಇಂಗ್ಲೆಂಡಿನಲ್ಲಿ 1948ರಲ್ಲಿಯೇ ಕ್ಯಾಸೆಲ್ ಆಸ್ಪತ್ರೆಯ ಡಾ. ಟಾಮ್ ಮೇನ್ ಅವರು ತಾಯಿಯೊಡನೆ ಮಗುವನ್ನೂ ಒಳಗೆ ಸೇರಿಸಿಕೊಂಡರು. ಅಲ್ಲಿ ಇದು ಕ್ರಮೇಣ ಪದ್ಧತಿಯಾಯಿತು. ನಮ್ಮ ದೇಶದಲ್ಲಿ ಇಂಥ ಪ್ರತ್ಯೇಕ ಘಟಕ ಮೊದಲು ಆರಂಭವಾದದ್ದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, 2009ರಲ್ಲಿ, ಡಾ. ಪ್ರಭಾ ಚಂದ್ರ ಅವರ ಮುಂದಾಳತ್ವದಲ್ಲಿ. ಐದು ಹಾಸಿಗೆಗಳಿಂದ ಅದು ಆರಂಭವಾಯಿತು. ಐದೇ ಎಂದು ನೀವು ಅಚ್ಚರಿಪಡಬಹುದು. ಇಷ್ಟು ದೊಡ್ಡ ದೇಶಕ್ಕೆ ಅದು ಏನೇನೂ ಸಾಲದೆಂಬುದು ನಿಜ. ಆದರೆ ದಾರಿ ತೋರಿಸಲು ಐದು ಸಾಕಾದವು.

ಆ ವಾರ್ಡಿನಲ್ಲಿ ತಾಯಿ ಇರುತ್ತಾಳೆ, ಮಗು ಇರುತ್ತದೆ, ಜೊತೆಗೆ ಮನೆಯ ಒಬ್ಬ ಹೆಂಗಸು ಇರುತ್ತಾಳೆ. ಅವಳು ಸಾಮಾನ್ಯವಾಗಿ ಬಾಣಂತಿಯ ತಾಯಿ ಅಥವಾ ಅತ್ತೆ. ಮೊದಲ ದಿನಗಳಲ್ಲಿ ತಾಯಿಗೆ ತನ್ನ ಮೇಲೆ ಹತೋಟಿ ಇಲ್ಲದಿರುವಾಗ ಮಗು ಆ ಹಿರಿಯಳ ಕೈಯಲ್ಲಿರುತ್ತದೆ. ತಾಯಿ ಅದನ್ನು ಕಣ್ಣಾರೆ ನೋಡುತ್ತಿರುತ್ತಾಳೆ. ಸ್ವಲ್ಪ ಚೇತರಿಸಿಕೊಂಡ ಮೇಲೆ ದಾದಿಯ ಎದುರಿನಲ್ಲಿ ಹಾಲೂಡಿಸುತ್ತಾಳೆ. ಆಮೇಲೆ ಸ್ನಾನ, ಬಟ್ಟೆ ಬದಲಾಯಿಸುವುದು, ಅತ್ತರೆ ಸಮಾಧಾನಪಡಿಸುವುದು ಹೀಗೆ ಒಂದೊಂದಾಗಿ ಅವಳಿಗೆ ಮರಳಿ ಬರುತ್ತವೆ. ವೈದ್ಯರು ಅವಳ ಮಾತನ್ನಷ್ಟೇ ಅಲ್ಲ, ಮಗುವನ್ನು ಅವಳು ನೋಡುವ ರೀತಿಯನ್ನೂ ಗಮನಿಸುತ್ತಾರೆ. ಮಗುವಿನ ಮುಖ ನೋಡಿ ಅವಳು ತಾನಾಗಿ ನಕ್ಕ ದಿನ ಚಿಕಿತ್ಸೆ ಫಲಿಸುತ್ತಿದೆ ಎಂದು ತಿಳಿಯುತ್ತದೆ.

ಗುಳಿಗೆ ತೆಗೆದುಕೊಳ್ಳುವಾಗ ಎದೆಹಾಲು ಕೊಡಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಅನೇಕ ಔಷಧಿಗಳೊಡನೆ ಕೊಡಬಹುದು; ಕೆಲವುಗಳೊಡನೆ ಎಚ್ಚರಿಕೆ ಬೇಕು. ಹಾಲೂಡಿಸುತ್ತಿದ್ದಾಳೆಂದು ವೈದ್ಯರಿಗೆ ತಿಳಿಸಿದರೆ ಅವರು ಅದಕ್ಕೆ ತಕ್ಕುದನ್ನು ಆರಿಸುತ್ತಾರೆ. ನೀವಾಗಿಯೇ ಗುಳಿಗೆ ನಿಲ್ಲಿಸಬಾರದು, ನೀವಾಗಿಯೇ ಹಾಲನ್ನೂ ನಿಲ್ಲಿಸಬಾರದು. ಕೆಲವು ತಾಯಂದಿರಿಗೆ ವಿದ್ಯುತ್ ಚಿಕಿತ್ಸೆ ಅವಶ್ಯವಾಗಬಹುದು. ‘ಕರೆಂಟು ಕೊಡುತ್ತಾರಂತೆ’ ಎಂದು ಅದರ ಬಗ್ಗೆ ಇಲ್ಲದ ಭಯ ಹಬ್ಬಿದೆ. ಅರಿವಳಿಕೆ ಮತ್ತು ಸ್ನಾಯುಗಳನ್ನು ಸಡಿಲಿಸುವ ಔಷಧಿ ಕೊಡದೆ ಆ ಚಿಕಿತ್ಸೆ ಮಾಡುವುದನ್ನು ಕಾನೂನೇ ನಿಷೇಧಿಸಿದೆ. ರೋಗಿಗೆ ಅದು ನಡೆದದ್ದೇ ತಿಳಿಯುವುದಿಲ್ಲ.

ಕಾನೂನಿನ ಮಾತು ಬಂದುದರಿಂದ ಇನ್ನೊಂದನ್ನು ಹೇಳುತ್ತೇನೆ. ಇದನ್ನು ನೀವು ಚೆನ್ನಾಗಿ ನೆನಪಿಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಮಾನಸಿಕ ಚಿಕಿತ್ಸೆಗೆಂದು ಒಳರೋಗಿಯಾಗಿ ಸೇರಿದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದೋ, ಅದರ ಹಿತಕ್ಕೆ ಬೇಕೆಂದೋ ವೈದ್ಯರಿಗೆ ಅನ್ನಿಸಿದರೆ ತಾತ್ಕಾಲಿಕವಾಗಿ ಬೇರೆ ಇರಿಸಬಹುದು. ಆಗಲೂ ಮೇಲ್ವಿಚಾರಣೆಯಲ್ಲಿ ತಾಯಿ ಮಗುವನ್ನು ಕಾಣಲು ಅವಕಾಶವಿರಬೇಕು. ಆ ತೀರ್ಮಾನವನ್ನು 15 ದಿನಗಳಿಗೊಮ್ಮೆ ಮರುಪರಿಶೀಲಿಸಬೇಕು. ಒಂದೇ ಬಾರಿಗೆ 30 ದಿನಗಳನ್ನು ಮೀರಿ ಬೇರ್ಪಡಿಸಬೇಕಾದರೆ ಪ್ರಾಧಿಕಾರದ ಒಪ್ಪಿಗೆ ಬೇಕು. ಹಾಗಾಗಿ ಯಾವ ಆಸ್ಪತ್ರೆಯಲ್ಲಿಯೇ ಆಗಲಿ ‘ಮಗುವನ್ನು ಊರಿಗೆ ಕಳುಹಿಸಿ’ ಎಂದು ಹೇಳಿದರೆ, ಏಕೆ, ಎಷ್ಟು ದಿನ, ತಾಯಿ ಯಾವಾಗ ನೋಡಬಹುದು ಎಂದು ವಿನಯದಿಂದಲೇ ಕೇಳಿ. ಕೇಳುವುದು ಜಗಳವಲ್ಲ.

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥ ವಾರ್ಡು ಎಲ್ಲಿದೆ ಎಂದು ನೀವು ಕೇಳಬಹುದು. ಪ್ರತ್ಯೇಕ ವಾರ್ಡು ಇಲ್ಲದಿರಬಹುದು. ಆದರೆ ಅದರ ತಿರುಳು ಕಟ್ಟಡದಲ್ಲಿಲ್ಲ. ಮೂಲೆಯ ಒಂದು ಹಾಸಿಗೆ, ರಾತ್ರಿ ಮಂದವಾದ ದೀಪ, ಗದ್ದಲವಿಲ್ಲದ ಜಾಗ, ಮಗುವಿಗೊಂದು ತೊಟ್ಟಿಲು, ಜೊತೆಗಿರುವವರಿಗೆ ಕುಳಿತುಕೊಳ್ಳಲು ಸ್ಥಳ, ಹೆಸರು ಹಿಡಿದು ಮಾತನಾಡಿಸುವ ದಾದಿ. ಇಷ್ಟಕ್ಕೆ ದೊಡ್ಡ ಹಣ ಬೇಕಿಲ್ಲ. ಆರೋಗ್ಯ ಸಿಬ್ಬಂದಿ ಬಾಣಂತಿಯನ್ನಾಗಲಿ ಮನೆಯವರನ್ನಾಗಲಿ ಗದರಿಸುವ ಪ್ರಸಂಗಗಳು ನಡೆಯುವುದಿಲ್ಲವೆಂದು ನಾನು ಹೇಳಲಾರೆ. ಅದು ನಮ್ಮ ಕಡೆಯ ತಪ್ಪು. ಹೆರಿಗೆಯ ವೇಳೆ ಮನೆಯ ಹೆಂಗಸೊಬ್ಬರು ಹತ್ತಿರವಿರಬಹುದೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಸೂಚಿಸಿದೆ. 2017ರಲ್ಲಿ ಆರಂಭವಾದ ‘ಲಕ್ಷ್ಯ’ ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಮರ್ಯಾದೆಯ ನಡವಳಿಕೆಯನ್ನೂ ಗುಣಮಟ್ಟದ ಭಾಗವೆಂದೇ ಎಣಿಸುತ್ತದೆ. ನಿಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿ ಊರಿನವರೂ ಇರುತ್ತಾರೆ. ತೊಟ್ಟಿಲಿನ ಮಾತನ್ನು ಅಲ್ಲಿ ಎತ್ತಿ.

ಮನೆಯಲ್ಲಿ ಮಾಡಬೇಕಾದುದನ್ನು ಈಗ ಹೇಳುತ್ತೇನೆ. ಎಲ್ಲಕ್ಕಿಂತ ಮೊದಲು, ಬಾಣಂತಿ ಅಸಂಬದ್ಧವಾಗಿ ಮಾತನಾಡಿದೊಡನೆ ಅದು ಮನಸ್ಸಿನ ಕಾಯಿಲೆಯೇ ಎಂದು ನಿರ್ಧರಿಸಬೇಡಿ. ಜ್ವರ, ಗರ್ಭಕೋಶದ ಸೋಂಕು, ಅಧಿಕ ರಕ್ತದೊತ್ತಡ, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಇವುಗಳಿಂದಲೂ ಹಾಗಾಗುತ್ತದೆ. ಬಾಣಂತಿಗೆ ನೀರು ಕೊಡಬಾರದೆಂಬ ಪಥ್ಯ ಇನ್ನೂ ಕೆಲವು ಮನೆಗಳಲ್ಲಿದೆ. ಅದರಿಂದ ರಕ್ತ ಗಟ್ಟಿಯಾಗಿ ಈ ಕೊನೆಯ ಅಪಾಯ ಹೆಚ್ಚುತ್ತದೆ. ಬಾಣಂತಿ ಕೇಳಿದಷ್ಟು ನೀರು ಕುಡಿಯಲಿ. ತೀವ್ರ ತಲೆನೋವು, ಸೆಳವು, ಜ್ವರ, ಕೈಕಾಲಿನ ನಿಶ್ಶಕ್ತಿ ಕಂಡರೆ ಒಂದು ಗಳಿಗೆಯೂ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಿ.

ದೇವರಿಗೆ ಹರಕೆ ಹೊತ್ತುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಹರಕೆ ಹೊತ್ತು ಅದೇ ದಿನ ಬಸ್ಸು ಹತ್ತಿ. ಹೊಡೆಯುವುದು, ಕಟ್ಟಿಹಾಕುವುದು, ಹೊಗೆ ಹಾಕುವುದು, ಉಪವಾಸವಿರಿಸುವುದು ಇವು ಮಾತ್ರ ಕೂಡದು. ಕಾಯಿಲೆಯ ಭರದಲ್ಲಿರುವ ತಾಯಿಯನ್ನು ಒಂಟಿಯಾಗಿ ಬಿಡಬಾರದು. ಮಗುವನ್ನು ಅವಳೊಬ್ಬಳ ಬಳಿ ಮಲಗಿಸಬಾರದು. ‘ನನಗೆ ಬದುಕು ಬೇಡ’ ಎಂದೋ, ‘ಈ ಮಗು ಇರಬಾರದು’ ಎಂದೋ ಅವಳು ಆಡಿದರೆ ಅದನ್ನು ಬರಿಯ ಮಾತೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತಿಳಿಸಬೇಕು. ಹಾಗೆ ಆಡಿದಳೆಂದು ಅವಳನ್ನು ಬಯ್ಯಬಾರದು, ಮಾತನಾಡುತ್ತಿರುವುದು ಕಾಯಿಲೆ.

ಗಂಡಂದಿರಿಗೆ ಒಂದು ಮಾತು. ಬಾಣಂತನ ಹೆಂಗಸರ ಕೆಲಸ, ಅದು ತವರಿನ ಜವಾಬ್ದಾರಿ ಎಂದು ನೀವು ದೂರ ನಿಲ್ಲುವುದು ವಾಡಿಕೆಯಾಗಿದೆ. ಆದರೆ ನಿಮ್ಮ ಹೆಂಡತಿಗೆ ಹೀಗಾದಾಗ ನೀವು ಒಮ್ಮೆ ಬಂದು ಪಕ್ಕದಲ್ಲಿ ಕುಳಿತರೆ ಅವಳ ತವರಿನವರ ಅರ್ಧ ಭಯ ಕಳೆಯುತ್ತದೆ. ಅವರು ಮುಚ್ಚಿಡುವುದನ್ನು ಬಿಟ್ಟು ಚಿಕಿತ್ಸೆಗೆ ಹೊರಡುತ್ತಾರೆ. ಅವಳು ಮನೆಗೆ ಮರಳಿದ ಮೇಲೆ ರಾತ್ರಿಯ ನಿದ್ರೆಯೇ ಅವಳಿಗೆ ದೊಡ್ಡ ಔಷಧಿ. ಹಾಲು ಕುಡಿದ ಮಗುವನ್ನು ತೇಗಿಸಿ ಮಲಗಿಸಲು, ಒದ್ದೆ ಬಟ್ಟೆ ಬದಲಾಯಿಸಲು ಮೀಸೆ ಅಡ್ಡ ಬರುವುದಿಲ್ಲ. ಒಂದು ಸರದಿ ನಿಮ್ಮದಾಗಲಿ. ಕಾಯಿಲೆಯನ್ನೇ ನೆಪ ಮಾಡಿಕೊಂಡು ಹೆಂಡತಿಯನ್ನು ತವರಿನಲ್ಲಿಯೇ ಬಿಟ್ಟುಬಿಡುವವರೂ ಇದ್ದಾರೆ. ಅಂಥವರು ಈ ಸಭೆಯಲ್ಲಿ ಇಲ್ಲವೆಂದು ಭಾವಿಸುತ್ತೇನೆ.

ಒಮ್ಮೆ ಬಾಣಂತಿ ಸನ್ನಿಯಾದವಳಿಗೆ ಮುಂದಿನ ಹೆರಿಗೆಯಲ್ಲಿಯೂ ಅದು ಮರುಕಳಿಸುವ ಸಂಭವ ಹೆಚ್ಚು. ಮೂವರಲ್ಲಿ ಒಬ್ಬರಿಗೆ, ಇಲ್ಲವೆ ಇಬ್ಬರಲ್ಲಿ ಒಬ್ಬರಿಗೆ ಎಂಬಷ್ಟು. ಇದರಿಂದ ಇನ್ನು ಮಗುವೇ ಬೇಡವೆಂದು ಅರ್ಥವಲ್ಲ. ಮುಂದಿನ ಮಗುವನ್ನು ಯೋಜನೆ ಮಾಡಿ, ವೈದ್ಯರಿಗೆ ಮುಂಚೆಯೇ ತಿಳಿಸಿ ಪಡೆಯಬೇಕು. ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳು ಗರ್ಭದ ಶಿಶುವಿಗೆ ಹಾನಿಕರವಾದುದರಿಂದ ಬಸಿರಾಗುವ ಮೊದಲೇ ಅವನ್ನು ಬದಲಾಯಿಸಬೇಕಾಗಬಹುದು. ಅಲ್ಲಿಯವರೆಗೆ ಅಂತರವಿಡಲು ಕಾಪರ್-ಟಿ, ‘ಅಂತರ’ ಚುಚ್ಚುಮದ್ದು, ನಿರೋಧ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಯಾವುದು ತಕ್ಕದ್ದೆಂದು ವೈದ್ಯರನ್ನು ಕೇಳಿ. ಮಕ್ಕಳು ಸಾಕೆಂದು ಇಬ್ಬರೂ ತೀರ್ಮಾನಿಸಿದರೆ ಗಂಡನೇ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದು. ಅದು ಹೆಂಗಸರ ಶಸ್ತ್ರಚಿಕಿತ್ಸೆಗಿಂತ ಹಗುರವಾದದ್ದು. ಅನುಮಾನವಿದ್ದವರು ಸಭೆ ಮುಗಿದ ಮೇಲೆ ಪ್ರತ್ಯೇಕವಾಗಿ ಕೇಳಿರಿ, ಸಂಕೋಚ ಬೇಡ.

ನಿಮ್ಹಾನ್ಸ್‌ಗೆ ಹೊರಡುವವರು ತಾಯಿ ಕಾರ್ಡು, ಹೆರಿಗೆ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಚೀಟಿ, ಆಧಾರ್ ಚೀಟಿ, ಬಿ.ಪಿ.ಎಲ್. ಪಡಿತರ ಚೀಟಿ ಇವನ್ನು ಜೊತೆಗೆ ತನ್ನಿ. ಪಡಿತರ ಚೀಟಿಯಿಂದ ಖರ್ಚಿನಲ್ಲಿ ರಿಯಾಯಿತಿ ದೊರೆಯುತ್ತದೆ. ಮಗುವಿನ ಹಳೆಯ ಮೆತ್ತನೆಯ ಬಟ್ಟೆಗಳನ್ನೂ ಹೆಚ್ಚಾಗಿ ತನ್ನಿ. ಜೊತೆಗೆ ಉಳಿಯುವ ಹೆಂಗಸು ಯಾರೆಂದು ಊರಿನಲ್ಲಿಯೇ ಗೊತ್ತುಮಾಡಿಕೊಂಡು ಬನ್ನಿ. ಹೊರಡುವ ಮೊದಲು ಯಾರನ್ನಾದರೂ ಕೇಳಬೇಕೆನಿಸಿದರೆ 14416ಕ್ಕೆ ಫೋನು ಮಾಡಿ. ಇದು 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆ. ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿಯೂ ಮನೋವೈದ್ಯರಿರುತ್ತಾರೆ. ಅಲ್ಲಿ ವಾಸಿಯಾಗುವ ಕಾಯಿಲೆಗೆ ಬೆಂಗಳೂರಿನವರೆಗೆ ಬರಬೇಕಾಗಿಲ್ಲ. ಬರಲೇಬೇಕಾಗಿ ಬಂದು, ದಾರಿಯಲ್ಲಿ ಹೊತ್ತಾಗಿ ಬನಶಂಕರಿಯಲ್ಲಿ ಇಳಿಯುವಾಗ ರಾತ್ರಿಯಾಗಿದ್ದರೂ ಚಿಂತೆಯಿಲ್ಲ. ನಿಮ್ಹಾನ್ಸ್‌ನ ತುರ್ತು ಚಿಕಿತ್ಸೆಯ ವಿಭಾಗ ಹಗಲೂ ರಾತ್ರಿ ತೆರೆದಿರುತ್ತದೆ.